ತೆಂಗಿನಕಾಯಿ ತೇಲಿತು, ಕೊಡಪಾನ ಮುಳುಗಿತು. ಮಗಳಿಗೆ ಹೇಗೆ ಹೇಳುವುದು?

ಬಾವಿಕಟ್ಟೆ (ಕುಲಶೇಖರ) · ಶನಿವಾರ ಬೆಳಿಗ್ಗೆ 10:20

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿಯ ಗಾಳಿಮಳೆಗೆ ಒಂದು ಒಣಕಾಯಿ ಸಿಪ್ಪೆ ಸಮೇತ ನಮ್ಮ ಬಾವಿಗೆ ಬಿದ್ದಿತ್ತು. ಕೊಡಪಾನದಲ್ಲೇ ಅದನ್ನು ಹಿಡಿದು ಮೇಲೆ ತರೋಣ ಅಂತ ಹಗ್ಗ ಇಳಿಸಿದೆ. ಕುಣಿಕೆ ಸರಿಯಾಗಿ ಬಿಗಿದಿರಲಿಲ್ಲ, ಕೊಡಪಾನ ಕಳಚಿಕೊಂಡಿತು. ಸ್ವಲ್ಪ ಹೊತ್ತು ಬಾಯಿ ಮೇಲೆ ಮಾಡಿಕೊಂಡು ತೇಲಿತು. ಆಮೇಲೆ ಮೆಲ್ಲ ವಾಲಿತು, ಗುಳುಗುಳು ಅಂತ ನೀರು ತುಂಬಿಕೊಂಡು ಕೆಳಗೆ ಹೋಯಿತು. ಕಾಯಿ ಮಾತ್ರ ಈಗಲೂ ಅಲ್ಲೇ ತಿರುಗುತ್ತಾ ಉಂಟು.

ನನ್ನ ಮಗಳು ಏಳನೇ ತರಗತಿ. ಬಾವಿಕಟ್ಟೆಗೆ ಒರಗಿ ನಿಂತು ಎಲ್ಲ ನೋಡಿದಳು. "ಭಾರ ಇದ್ದದ್ದು ಮುಳುಗುತ್ತದೆ ಅಂತ ನೀನೇ ಹೇಳಿದ್ದಲ್ವಾ ಅಮ್ಮ? ಕೊಡಪಾನಕ್ಕಿಂತ ಕಾಯಿಯೇ ಜಾಸ್ತಿ ಭಾರ ಅಲ್ವಾ?" ಅಂತ ಕೇಳಿದಳು. ಹೌದು, ನಮ್ಮದು ಅಲ್ಯೂಮಿನಿಯಂ ಕೊಡಪಾನ, 700 ಗ್ರಾಂ ಇರಬಹುದು. ಕಾಯಿ ಒಂದು ಕಿಲೋ ಮೇಲೆ. ನಾನು ಉತ್ತರ ಹುಡುಕುವಷ್ಟರಲ್ಲಿ ಇನ್ನೊಂದು ಕೇಳಿದಳು: "ಮೊದಲು ತೇಲಿದ್ದೂ ಅದೇ ಕೊಡಪಾನ, ಆಮೇಲೆ ಮುಳುಗಿದ್ದೂ ಅದೇ. ಅದರಲ್ಲಿ ಎಂತ ಬದಲಾಯಿತು?"

ಸಾಂದ್ರತೆ ಅನ್ನುವ ಪದ ನನಗೆ ಗೊತ್ತುಂಟು. ಆದರೆ ಪದ ಹೇಳಿ ಅವಳನ್ನು ಸುಮ್ಮನಾಗಿಸಲು ಮನಸ್ಸಿಲ್ಲ. ಅವಳ ಕೈಗೆ ಸಿಗುವ ವಸ್ತುಗಳಲ್ಲೇ ಇದನ್ನು ಹೇಗೆ ತೋರಿಸುವುದು?

ಬಿಕರ್ನಕಟ್ಟೆ ಹುಡುಗ · ಶನಿವಾರ ಬೆಳಿಗ್ಗೆ 10:55

ಅಕ್ಕ, ಸಾಂದ್ರತೆ ಅಂದ್ರೆ ಒಂದೇ ಅಳತೆಯ ಜಾಗದಲ್ಲಿ ವಸ್ತು ಎಷ್ಟು ತೂಗುತ್ತದೆ ಅಂತ. ಒಂದು ಲೀಟರ್ ನೀರು ಒಂದು ಕಿಲೋ. ಒಂದು ಲೀಟರ್ ಜಾಗದಲ್ಲಿ ಅಲ್ಯೂಮಿನಿಯಂ ಗಟ್ಟಿಯಾಗಿ ತುಂಬಿಸಿದ್ರೆ 2.7 ಕಿಲೋ, ಕಬ್ಬಿಣ ಆದ್ರೆ ಹತ್ತಿರ ಹತ್ತಿರ 7.9 ಕಿಲೋ. ನೀರಿಗಿಂತ ಜಾಸ್ತಿ ಇದ್ರೆ ಮುಳುಗುತ್ತದೆ, ಕಮ್ಮಿ ಇದ್ರೆ ತೇಲುತ್ತದೆ. ಕೊಡಪಾನ ಮೊದಲು ತೇಲಿದ್ದು ಒಳಗಿದ್ದ ಗಾಳಿಯಿಂದ. ಗಾಳಿ ಅದನ್ನು ಮೇಲಕ್ಕೆ ಎಳೆದು ಹಿಡಿದಿತ್ತು. ಗಾಳಿ ಹೋಯಿತು, ಕೊಡಪಾನ ಮುಳುಗಿತು.

ನಿವೃತ್ತ ಮಾಷ್ಟ್ರು (ಉಡುಪಿ) · ಶನಿವಾರ ಮಧ್ಯಾಹ್ನ 12:10

ಮಗಳ ಎರಡನೇ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಹೈಸ್ಕೂಲಿನಲ್ಲಿ ಈ ಪಾಠವನ್ನು ಎಷ್ಟೋ ವರ್ಷ ಮಾಡಿದ್ದೇನೆ. ಮಕ್ಕಳು ಸೂತ್ರ ಬರೆದು ಅಂಕ ತೆಗೆಯುತ್ತಾರೆ, ಆದರೆ ಮನಸ್ಸಿನಲ್ಲಿ "ಭಾರದ್ದು ಮುಳುಗುತ್ತದೆ" ಅನ್ನುವುದೇ ಹಾಗೇ ಕೂತಿರುತ್ತದೆ. ಅದು ಹೋಗಬೇಕಾದರೆ ವಸ್ತುವನ್ನು ಬಿಟ್ಟು ನೀರನ್ನು ನೋಡಬೇಕು.

ಬಾವಿಯ ನೀರಿನ ಮಧ್ಯೆ ಒಂದು ಕೊಡದಷ್ಟು ನೀರನ್ನು ಮನಸ್ಸಿನಲ್ಲೇ ಗುರುತು ಮಾಡಿಕೊಳ್ಳಿ. ಅದಕ್ಕೂ 10 ಕಿಲೋ ಭಾರ ಉಂಟು. ಆದರೂ ಅದು ಕೆಳಗೆ ಬೀಳುವುದಿಲ್ಲ, ಇದ್ದಲ್ಲೇ ಇರುತ್ತದೆ. ಯಾಕೆ? ಸುತ್ತಲಿನ ನೀರು ಅದನ್ನು ಎತ್ತಿ ಹಿಡಿದಿದೆ. ನೀರಿನಲ್ಲಿ ಆಳಕ್ಕೆ ಹೋದಷ್ಟೂ ಒತ್ತಡ ಜಾಸ್ತಿ. ಹಾಗಾಗಿ ಕೆಳಗಿನಿಂದ ಮೇಲಕ್ಕೆ ತಳ್ಳುವ ಒತ್ತಡ, ಮೇಲಿನಿಂದ ಕೆಳಕ್ಕೆ ತಳ್ಳುವುದಕ್ಕಿಂತ ಯಾವಾಗಲೂ ಸ್ವಲ್ಪ ಹೆಚ್ಚು. ಆ ಹೆಚ್ಚಿನ ಭಾಗ ಸರಿಯಾಗಿ ಆ ನೀರಿನ ತೂಕದಷ್ಟೇ ಇರುತ್ತದೆ.

ಈಗ ಆ ನೀರನ್ನು ತೆಗೆದು ಅದೇ ಜಾಗದಲ್ಲಿ ಬೇರೆ ಏನಾದರೂ ಇಡಿ. ಕಾಯಿ ಇಡಿ, ಕಲ್ಲು ಇಡಿ. ಅಲ್ಲಿ ಏನು ಬಂತು ಅಂತ ಸುತ್ತಲಿನ ನೀರಿಗೆ ಗೊತ್ತಿಲ್ಲ. ಅದು ಮೊದಲಿನಷ್ಟೇ ಬಲದಿಂದ ತಳ್ಳುತ್ತದೆ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಸಿರಾಕ್ಯೂಸ್ ಊರಿನ ಆರ್ಕಿಮಿಡೀಸ್ ಕಂಡುಕೊಂಡದ್ದು ಇದನ್ನೇ. ವಸ್ತು ಎಷ್ಟು ನೀರನ್ನು ಸರಿಸಿತೋ, ಅಷ್ಟು ನೀರಿನ ತೂಕದ ಬಲ ಅದಕ್ಕೆ ಮೇಲ್ಮುಖವಾಗಿ ಸಿಗುತ್ತದೆ.

ಕೊಡಪಾನದ ಲೆಕ್ಕ ಮಾಡೋಣ. ಬಾಯಿ ಮೇಲೆ ಇದ್ದಾಗ 700 ಗ್ರಾಂ ಕೊಡಪಾನ 700 ಗ್ರಾಂ ನೀರನ್ನು ಸರಿಸಿದರೆ ಸಾಕು, ತೇಲುತ್ತದೆ. ಅಂದರೆ 10 ಲೀಟರಿನ ಕೊಡಪಾನದ ತಳ ಸ್ವಲ್ಪ ಒದ್ದೆಯಾಗುವಷ್ಟೇ ಕೆಳಗೆ ಇಳಿಯಬೇಕು. ವಾಲಿ ನೀರು ಒಳಗೆ ಹೋದ ಮೇಲೆ ನೀರು ಸರಿಸಲು ಉಳಿದದ್ದು ಬರೀ ತಗಡು. 700 ಗ್ರಾಂ ಅಲ್ಯೂಮಿನಿಯಂ ಹಿಡಿಯುವ ಜಾಗ ಸುಮಾರು 260 ಮಿಲಿಲೀಟರ್, ಒಂದು ದೊಡ್ಡ ಲೋಟದಷ್ಟು. ಸಿಗುವ ಬಲ 260 ಗ್ರಾಂ, ತೂಕ 700. ಇನ್ನೆಲ್ಲಿ ತೇಲುವುದು? ಕೊಡಪಾನದಲ್ಲಿ ಎಂತ ಬದಲಾಯಿತು ಅಂದರೆ, ಅದು ಹಿಡಿದಿಟ್ಟಿದ್ದ ಜಾಗ ಬದಲಾಯಿತು.

ಬಿಕರ್ನಕಟ್ಟೆಯವರೇ, ನೀವು ಹೇಳಿದ ಸಾಂದ್ರತೆಯ ಅರ್ಥ ಸರಿ. ಗಾಳಿ ಎಳೆಯುತ್ತದೆ ಅನ್ನುವುದು ಮಾತ್ರ ಸರಿಯಲ್ಲ. ಗಾಳಿಗೂ ತೂಕ ಉಂಟು, ಒಂದು ಲೀಟರಿಗೆ 1.2 ಗ್ರಾಂ. ಕೊಡಪಾನದಲ್ಲಿದ್ದ ಗಾಳಿ 12 ಗ್ರಾಂ ಭಾರ ಸೇರಿಸಿತ್ತು ಅಷ್ಟೆ. ಒತ್ತಡಕ್ಕೆ ಕುಗ್ಗದ ಟೊಳ್ಳು ಗುಂಡಿನೊಳಗಿನ ಗಾಳಿಯನ್ನು ಪೂರ್ತಿ ಹೊರಗೆ ತೆಗೆದು ಮುಚ್ಚಿದರೆ ಅದು ಇನ್ನೂ ಚೆನ್ನಾಗಿ ತೇಲುತ್ತದೆ. ಗಾಳಿ ಮಾಡುವ ಕೆಲಸ ಒಂದೇ, ನೀರಿಗೆ ಒಳಗೆ ಜಾಗ ಕೊಡದೆ ಇರುವುದು.

ಬಿಕರ್ನಕಟ್ಟೆ ಹುಡುಗ · ಶನಿವಾರ ಮಧ್ಯಾಹ್ನ 12:31

ಸರ್, ಥ್ಯಾಂಕ್ಸ್. ಪಿಯುಸಿ ಮುಗಿಸಿದ್ದೇನೆ, ಇಷ್ಟು ದಿನ ಗಾಳಿ ಮೇಲಕ್ಕೆ ಎಳೆಯುತ್ತದೆ ಅಂತಲೇ ಇತ್ತು ತಲೆಯಲ್ಲಿ. ಹಾಗಾದ್ರೆ ಹಡಗಿಗೆ ಸಾಂದ್ರತೆ ಲೆಕ್ಕ ಹಾಕುವಾಗ ಕಬ್ಬಿಣ ಮಾತ್ರ ನೋಡಬಾರದು, ಒಳಗಿನ ಖಾಲಿ ಜಾಗವನ್ನೂ ಸೇರಿಸಿ ಇಡೀ ಹಡಗಿನ ಸರಾಸರಿ ನೋಡಬೇಕು ಅಲ್ವಾ?

ನಿವೃತ್ತ ಮಾಷ್ಟ್ರು (ಉಡುಪಿ) · ಶನಿವಾರ ಮಧ್ಯಾಹ್ನ 12:40

ಸರಿಯಾಗಿ ಹೇಳಿದಿರಿ. ಕಾಯಿಯೂ ಹಾಗೇ. ಅದರ ಸಿಪ್ಪೆಯ ನಾರಿನ ಸಂದಿಯಲ್ಲೆಲ್ಲ ಗಾಳಿ. ಮರವೂ ಹಾಗೇ. ಮರದ ಜೀವಕೋಶದ ಗೋಡೆ ಇದೆಯಲ್ಲ, ಆ ವಸ್ತು ನೀರಿಗಿಂತ ಒಂದೂವರೆ ಪಟ್ಟು ಸಾಂದ್ರ. ಬರೀ ಅದಷ್ಟೇ ಇದ್ದಿದ್ದರೆ ಯಾವ ಮರವೂ ತೇಲುತ್ತಿರಲಿಲ್ಲ. ಕೋಶಗಳೊಳಗಿನ ಟೊಳ್ಳು ಅದನ್ನು ತೇಲಿಸುತ್ತದೆ. ಹೊಳೆಯಲ್ಲಿ ವರ್ಷಗಟ್ಟಲೆ ಬಿದ್ದ ದಿಮ್ಮಿಗೆ ನೀರು ಹಿಡಿದು ಕೊನೆಗೆ ತಳ ಸೇರುವುದು ಇದಕ್ಕೇ.

ಮಲ್ಪೆ ದಕ್ಕೆ · ಶನಿವಾರ ಮಧ್ಯಾಹ್ನ 2:15

ಮಾಷ್ಟ್ರೆ, ಚೆಂದ ಹೇಳಿದ್ರಿ. ಈಗ ಜೂನ್ ಒಂದರಿಂದ ಜುಲೈ 31ರವರೆಗೆ ಬೋಟುಗಳಿಗೆ ರಜೆ, 61 ದಿನ. ದಕ್ಕೆಯಲ್ಲಿ ಕೂತು ಬಲೆ ರಿಪೇರಿ ಮಾಡುತ್ತಾ ಇದನ್ನು ಓದಿದೆ. ಕೈಯಲ್ಲಿ ಇದ್ದದ್ದೇ ಈ ಪಾಠ.

ಬಲೆಯ ಮೇಲಿನ ಹಗ್ಗಕ್ಕೆ ಬೆಂಡು ಕಟ್ಟುತ್ತೇವೆ, ಕೆಳಗಿನ ಹಗ್ಗಕ್ಕೆ ಸೀಸದ ಗುಂಡು. ಬೆಂಡು ಮೇಲೆ, ಸೀಸ ಕೆಳಗೆ, ನಡುವೆ ಬಲೆ ನೀರಿನಲ್ಲಿ ಗೋಡೆ ಹಾಗೆ ನಿಲ್ಲುತ್ತದೆ. ಸೀಸ ಯಾಕೆ, ಕಲ್ಲು ಕಟ್ಟಿದರೆ ಆಗದಾ ಅಂತ ನಾನು ಸಣ್ಣವನಿದ್ದಾಗ ಅಜ್ಜನಲ್ಲಿ ಕೇಳಿದ್ದೆ. ಕಲ್ಲು ನೀರೊಳಗೆ ಹೋದರೆ ಅರ್ಧ ಸತ್ತ ಹಾಗೆ ಅಂದಿದ್ದರು. ಲೆಕ್ಕ ಗೊತ್ತಾದದ್ದು ಆಮೇಲೆ. ಕರಿಕಲ್ಲಿನ ಸಾಂದ್ರತೆ ಸುಮಾರು 2.7. ಒಂದು ಕಿಲೋ ಕಲ್ಲು ನೀರೊಳಗೆ 630 ಗ್ರಾಂನಷ್ಟೇ ಕೆಲಸ ಮಾಡುತ್ತದೆ. ಸೀಸ 11.3. ಅದರ ಒಂದು ಕಿಲೋ ನೀರೊಳಗೂ 910 ಗ್ರಾಂ. ಸಣ್ಣದು, ಬಲೆಗೆ ಸಿಕ್ಕಿಕೊಳ್ಳುವುದಿಲ್ಲ, ಭಾರ ಪೂರಾ ಸಿಗುತ್ತದೆ.

ಇನ್ನೊಂದು ವಿಷಯ ಮಕ್ಕಳಿಗೆ ಹೇಳಲೇಬೇಕು. ತೇಲುವುದು ಬೇರೆ, ಮಗುಚದೆ ನಿಲ್ಲುವುದು ಬೇರೆ. ಅಕ್ಕನ ಕೊಡಪಾನ ತೇಲುತ್ತಿತ್ತಲ್ವಾ? ಅದು ಹಾಳಾದದ್ದು ವಾಲಿದ್ದರಿಂದ. ಬೋಟಿನಲ್ಲೂ ಹಾಗೇ. ಐಸು, ಡೀಸೆಲ್, ಮೀನು ಎಲ್ಲ ತಳದಲ್ಲಿ ಇರಬೇಕು. ಮೇಲೆ ರಾಶಿ ಹಾಕಿದರೆ ಸಾಂದ್ರತೆ ಲೆಕ್ಕ ಸರಿ ಇದ್ದರೂ ಬೋಟು ನಿಲ್ಲುವುದಿಲ್ಲ. ಒಳಗೆ ನೀರು ಬಂದರೆ ಅಪಾಯ ಎರಡು ಪಟ್ಟು. ಭಾರ ಒಂದು. ಮತ್ತೆ ಬೋಟು ಯಾವ ಕಡೆ ವಾಲುತ್ತದೋ ಆ ನೀರೂ ಅದೇ ಕಡೆಗೆ ಓಡುತ್ತದೆ. ಹೊಳೆ ಕಡಲು ಸೇರುವ ಅಳಿವೆ ಬಾಗಿಲಲ್ಲಿ ತೆರೆ ಹೊಡೆಯುವಾಗ ಇದು ಗೊತ್ತಿಲ್ಲದವರು ಬೋಟು ನಡೆಸಬಾರದು. ನಾನು ಒಮ್ಮೆ ಅಲ್ಲಿ ಮೊಣಕಾಲು ನೀರಿನಲ್ಲಿ ನಿಂತು ಪಂಪು ಹೊಡೆದವನು. ಆ ದಿನ ಮರೆತಿಲ್ಲ.

ಪಣಂಬೂರು ಲೋಡಿಂಗ್ · ಶನಿವಾರ ಸಂಜೆ 6:05

ಹಡಗಿನ ಮಾತು ಬಂದ ಕಾರಣ ನಾನೂ ಬರೆಯುತ್ತೇನೆ. ನವಮಂಗಳೂರು ಬಂದರಿನಲ್ಲಿ ಕೆಲಸ ಮಾಡಿದವನು. ಮಗಳನ್ನು ಕರಕೊಂಡು ಪಣಂಬೂರು ಕಡಲ ದಡಕ್ಕೆ ಬಂದರೆ ಹೊರಗೆ ಲಂಗರು ಹಾಕಿದ ಹಡಗು ಕಾಣುತ್ತದೆ. ಖಾಲಿ ಹಡಗು ಎತ್ತರ ನಿಂತಿರುತ್ತದೆ, ಕೆಳಗಿನ ಕೆಂಪು ಬಣ್ಣದ ಭಾಗ ಎಷ್ಟೋ ಮೀಟರ್ ಹೊರಗೆ. ಲೋಡ್ ಆದದ್ದು ಅದೇ ಗಾತ್ರದ್ದಾದರೂ ಕುಳ್ಳಗೆ ಕಾಣುತ್ತದೆ. ಆ ಎರಡು ಹಡಗಿನ ವ್ಯತ್ಯಾಸದಷ್ಟು ನೀರು ಸರಿದಿದೆ, ಆ ನೀರಿನ ತೂಕವೇ ಸರಕಿನ ತೂಕ. ಬಂದರಿನಲ್ಲಿ ಸರಕು ಎಷ್ಟು ಟನ್ ಬಂತು ಅಂತ ಅಳೆಯುವುದೂ ಹೀಗೆಯೇ. ಹಡಗಿನ ಮೈಮೇಲೆ ಮೀಟರ್ ಅಂಕೆ ಬರೆದಿರುತ್ತದೆ, ಲೋಡಿಗೆ ಮೊದಲು ಒಮ್ಮೆ ಓದುತ್ತಾರೆ, ಆದ ಮೇಲೆ ಒಮ್ಮೆ. ಅದರ ಜೊತೆ ಅಲ್ಲಿನ ನೀರನ್ನು ಒಂದು ಪಾತ್ರೆಯಲ್ಲಿ ಎತ್ತಿ ಸಾಂದ್ರತೆಯನ್ನೂ ನೋಡುತ್ತಾರೆ. ಮಳೆಗಾಲದಲ್ಲಿ ಬಂದರಿನ ನೀರು ತೆಳು ಆಗಿರುತ್ತದೆ.

ಹಡಗಿನ ಮಧ್ಯದಲ್ಲಿ ಒಂದು ವೃತ್ತ, ಅದರ ಪಕ್ಕ ಏಣಿಯ ಹಾಗೆ ಗೆರೆಗಳು. ಇಷ್ಟಕ್ಕಿಂತ ಜಾಸ್ತಿ ಮುಳುಗುವ ಹಾಗೆ ತುಂಬಿಸಬಾರದು ಅನ್ನುವ ಗುರುತು ಅದು. ಆ ವೃತ್ತಕ್ಕೆ ಇಂಗ್ಲೆಂಡಿನ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸೋಲ್ ಹೋರಾಡಿ 1876ರಲ್ಲಿ ಕಾನೂನು ಮಾಡಿಸಿದ್ದು. ಆಗ ಮಾಲೀಕರು ಮಿತಿಮೀರಿ ತುಂಬಿಸಿ ಕಳಿಸುತ್ತಿದ್ದರು, ನಾವಿಕರು ಸಾಯುತ್ತಿದ್ದರು. ಆ ಗೆರೆಗಳಲ್ಲಿ ಸಿಹಿನೀರಿಗೆ ಒಂದು, ಸಮುದ್ರಕ್ಕೆ ಬೇರೆ. ಸಿಹಿನೀರಿನ ಗೆರೆ ಮೇಲೆ. ಯಾಕೆಂದರೆ ಒಂದು ಲೀಟರ್ ಸಮುದ್ರದ ನೀರು 1,025 ಗ್ರಾಂ. 50,000 ಟನ್ನಿನ ಹಡಗು ಸಮುದ್ರದಿಂದ ಸಿಹಿನೀರಿಗೆ ಬಂದರೆ ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ಇಳಿಯುತ್ತದೆ. ಒಂದು ಮೂಟೆ ಕೂಡ ಹೊಸದಾಗಿ ಹಾಕಿರುವುದಿಲ್ಲ.

ಕುದುರೆಮುಖದ ಅದಿರು ಹೋಗುತ್ತಿದ್ದ ಕಾಲದಲ್ಲಿ ಹಡಗಿನ ಹೊಟ್ಟೆಯೊಳಗೆ ಇಣುಕಿದರೆ ಹೊಸಬರಿಗೆ ಆಶ್ಚರ್ಯ. ಅರ್ಧವೂ ತುಂಬಿರುವುದಿಲ್ಲ, ಅಷ್ಟರಲ್ಲಿ ಲೋಡ್ ಮುಗಿಯಿತು ಅನ್ನುತ್ತಾರೆ. ಅದಿರು ಅಷ್ಟು ಸಾಂದ್ರ. ಜಾಗ ಉಳಿದಿರುತ್ತದೆ, ಆದರೆ ಗೆರೆ ನೀರಿಗೆ ಮುಟ್ಟಿರುತ್ತದೆ.

ಮಲ್ಪೆ ದಕ್ಕೆ · ಶನಿವಾರ ಸಂಜೆ 6:40

ಗೇಣಿನ ಲೆಕ್ಕ ದೊಡ್ಡ ಹಡಗಿಗೆ. ನಮ್ಮ 40 ಟನ್ ಬೋಟಿಗೆ ಒಂದೂವರೆ, ಎರಡು ಸೆಂಟಿಮೀಟರ್ ಬಂದರೆ ಜಾಸ್ತಿ. ಕಣ್ಣಿಗೆ ಕಾಣುವುದಿಲ್ಲ.

ಗದ್ದೆಬದಿ (ಕಾರ್ಕಳ) · ಶನಿವಾರ ರಾತ್ರಿ 8:30

ಉಪ್ಪುನೀರು ಎತ್ತಿ ಹಿಡಿಯುತ್ತದೆ ಅನ್ನುವುದನ್ನು ನಾವು ಗದ್ದೆಯಲ್ಲಿ ಬಳಸುತ್ತೇವೆ. ಭತ್ತದ ಬೀಜ ಬಿತ್ತುವ ಮೊದಲು ಜೊಳ್ಳು ಬೇರೆ ಮಾಡಬೇಕಲ್ಲ. ಬರೀ ನೀರಿಗೆ ಹಾಕಿದರೆ ಪೂರಾ ಟೊಳ್ಳು ಮಾತ್ರ ಮೇಲೆ ಬರುತ್ತದೆ. ಅರ್ಧ ತುಂಬಿದ ಕಾಳು ಒಳ್ಳೆ ಕಾಳಿನ ಜೊತೆ ತಳದಲ್ಲಿ ಕೂತುಬಿಡುತ್ತದೆ. ಅದನ್ನು ಬಿತ್ತಿದರೆ ಸಸಿ ಬಡಕಲು.

ಅದಕ್ಕೆ ನೀರಿಗೆ ಉಪ್ಪು ಹಾಕಬೇಕು. ಎಷ್ಟು ಅಂತ ತಕ್ಕಡಿ ಬೇಡ. ಒಂದು ಹೊಸ ಮೊಟ್ಟೆ ಬಿಡಿ. ಮೊದಲು ತಳಕ್ಕೆ ಹೋಗುತ್ತದೆ. ಉಪ್ಪು ಹಾಕಿ ಕದಡುತ್ತಾ ಹೋಗಿ. ಒಂದು ಹಂತದಲ್ಲಿ ಮೊಟ್ಟೆ ಎದ್ದು ನಿಲ್ಲುತ್ತದೆ, ಆಮೇಲೆ ಮೇಲೆ ಬಂದು ನಾಣ್ಯದಷ್ಟು ಅಗಲ ತಲೆ ಹೊರಗೆ ತೋರಿಸುತ್ತದೆ. ಅಲ್ಲಿಗೆ ನಿಲ್ಲಿಸಿ. ಮೊಟ್ಟೆ ತೆಗೆದು ಬೀಜ ಹಾಕಿ ಕೈಯಾಡಿಸಿ. ತೇಲಿದ್ದನ್ನೆಲ್ಲ ಬಾಚಿ ತೆಗೆಯಿರಿ. ಮುಳುಗಿದ ಬೀಜವನ್ನು ಎರಡು ಮೂರು ಸಲ ಒಳ್ಳೆ ನೀರಿನಲ್ಲಿ ತೊಳೆಯಲೇಬೇಕು, ಉಪ್ಪು ಉಳಿದರೆ ಮೊಳಕೆಗೆ ತೊಂದರೆ. ಮೊಟ್ಟೆ ಹೊಸದೇ ಆಗಬೇಕು. ಹಳೆಯದಾದಷ್ಟೂ ಚಿಪ್ಪಿನ ಸಣ್ಣ ರಂಧ್ರಗಳಿಂದ ತೇವ ಹೋಗಿ ಒಳಗೆ ಗಾಳಿ ಸೇರುತ್ತದೆ. ಅದು ಸಪ್ಪೆ ನೀರಿನಲ್ಲೇ ಎದ್ದು ನಿಂತು ನಿಮ್ಮ ಲೆಕ್ಕ ತಪ್ಪಿಸುತ್ತದೆ.

ಮತ್ತೆ ಅಕ್ಕ, ಆ ಒಣಕಾಯಿಯನ್ನು ಎಸೆಯಬೇಡಿ. ನಾವೆಲ್ಲ ಮದಗದಲ್ಲಿ ಈಜು ಕಲಿತದ್ದು ಎರಡು ಒಣಕಾಯಿ ಜೋಡಿ ಕಟ್ಟಿ ಎದೆಯಡಿ ಇಟ್ಟುಕೊಂಡು. ಅಪ್ಪ ದಡದಲ್ಲಿ ನಿಂತಿರುತ್ತಿದ್ದರು. ಕಾಯಿ ಕಟ್ಟಿದ ಹಗ್ಗ ಎದೆಗೆ ಉಜ್ಜಿ ಉರಿಯುತ್ತಿತ್ತು, ಆದರೂ ಬಿಡುವ ಧೈರ್ಯ ಇರಲಿಲ್ಲ.

ಹೊಸಬ (ಸುರತ್ಕಲ್) · ಶನಿವಾರ ರಾತ್ರಿ 9:10

ಒಂದು ಸಂಶಯ. ಆಳ ಇರುವ ಕೆರೆಯಲ್ಲಿ ಈಜುವುದು ಸುಲಭ, ಆಳದ ನೀರು ಜಾಸ್ತಿ ಎತ್ತುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರೆ. ಹೌದಾ?

ನಿವೃತ್ತ ಮಾಷ್ಟ್ರು (ಉಡುಪಿ) · ಶನಿವಾರ ರಾತ್ರಿ 9:25

ಇಲ್ಲ. ನಿಮ್ಮ ದೇಹ ಎಷ್ಟು ನೀರು ಸರಿಸಿತು ಅನ್ನುವುದಷ್ಟೇ ಲೆಕ್ಕ. ಕೆಳಗೆ ಹತ್ತು ಅಡಿ ಇದ್ದರೂ ನೂರು ಅಡಿ ಇದ್ದರೂ ಒಂದೇ. ಈ ಮಾತು ನಂಬಿ ಮಕ್ಕಳು ಆಳಕ್ಕೆ ಇಳಿಯಬಾರದು, ದಯವಿಟ್ಟು.

ಮನುಷ್ಯನ ದೇಹ ನೀರಿನ ಸಾಂದ್ರತೆಗೆ ತುಂಬಾ ಹತ್ತಿರ. ಉಸಿರು ಎಳೆದು ಹಿಡಿದರೆ ನೀರಿಗಿಂತ ಒಂದು ಚೂರು ಹಗುರ, ಪೂರ್ತಿ ಬಿಟ್ಟರೆ ಒಂದು ಚೂರು ಭಾರ. ಎರಡು ಕಾಯಿ ಸಾಕಾಗುವುದು ಅದಕ್ಕೇ. ಇಡೀ ದೇಹವನ್ನು ನೀರೇ ಹೊತ್ತಿರುತ್ತದೆ, ನೀರಿನ ಹೊರಗೆ ಇರಬೇಕಾದ ತಲೆಯ ಭಾರವನ್ನು ಮಾತ್ರ ಕಾಯಿ ಹೊರಬೇಕು. ತಲೆ ಸುಮಾರು ನಾಲ್ಕೂವರೆ, ಐದು ಕಿಲೋ. ಹೆದರಿ ಕೈ ಎರಡನ್ನೂ ಮೇಲೆ ಎತ್ತಿ ಕೂಗಿದರೆ ಆ ಕೈಗಳ ಭಾರವೂ ಸೇರಿ ತಲೆ ಕೆಳಗೆ ಹೋಗುತ್ತದೆ. ಈಜು ಕಲಿಸುವವರು "ಕೈ ನೀರೊಳಗೇ ಇರಲಿ" ಅನ್ನುವುದು ಸುಮ್ನೆ ಅಲ್ಲ.

ಅಡುಗೆಮನೆ (ಮಣಿಪಾಲ) · ಭಾನುವಾರ ಬೆಳಿಗ್ಗೆ 9:00

ಈ ಮಳೆಗೆ ಎಲ್ಲರ ಮನೆಯಲ್ಲೂ ಗೋಳಿಬಜೆ ಆಗುತ್ತದಲ್ಲ, ಮಗಳನ್ನು ಬಾಣಲೆಯ ಹತ್ತಿರ ಸ್ವಲ್ಪ ದೂರ ನಿಲ್ಲಿಸಿ ತೋರಿಸಿ. ಹಿಟ್ಟು ಬಿಟ್ಟ ಕೂಡಲೇ ಎಣ್ಣೆಯ ತಳಕ್ಕೆ ಹೋಗುತ್ತದೆ. ತೆಂಗಿನೆಣ್ಣೆ ಒಂದು ಲೀಟರ್ 920 ಗ್ರಾಂ, ಕಾದಾಗ ಇನ್ನೂ ಕಮ್ಮಿ. ಹಿಟ್ಟು ಅದಕ್ಕಿಂತ ಸಾಂದ್ರ. ಎರಡು ಮೂರು ಕ್ಷಣ ಬಿಟ್ಟು ನೋಡಿ. ಮೊಸರಿಗೆ ಸೋಡಾ ಸೇರಿ ಬಂದ ಗುಳ್ಳೆ, ಹಿಟ್ಟಿನ ನೀರು ಕಾದು ಆದ ಹಬೆ, ಎರಡೂ ಸೇರಿ ಉಂಡೆ ಉಬ್ಬುತ್ತದೆ. ತೂಕ ಹಾಗೇ ಉಂಟು, ಗಾತ್ರ ಬೆಳೆಯಿತು. ಟುಪುಕ್ ಅಂತ ಮೇಲೆ ಬರುತ್ತದೆ. ಕೆಲವು ತಾವೇ ಮಗುಚಿಕೊಳ್ಳುತ್ತವೆ, ಯಾವ ಬದಿ ಜಾಸ್ತಿ ಉಬ್ಬಿತೋ ಆ ಬದಿ ಮೇಲಕ್ಕೆ. ಎಣ್ಣೆ ಕಾಯದಿದ್ದರೆ ತಳದಲ್ಲೇ ಕೂತು ಎಣ್ಣೆ ಕುಡಿಯುತ್ತವೆ.

ಉದ್ದಿನ ವಡೆಗೆ ನನ್ನ ಅತ್ತೆ ಇದನ್ನೇ ಪರೀಕ್ಷೆಯಾಗಿ ಇಟ್ಟುಕೊಂಡಿದ್ದರು. ರುಬ್ಬುವ ಕಲ್ಲಿನಿಂದ ಒಂದು ಚೂರು ಹಿಟ್ಟು ತೆಗೆದು ನೀರಿನ ಬಟ್ಟಲಿಗೆ ಬಿಡುವುದು. ತೇಲಿದರೆ ಹದ ಬಂತು. ಮುಳುಗಿದರೆ "ಇನ್ನೂ ಗಾಳಿ ಹಿಡಿದಿಲ್ಲ, ರುಬ್ಬು" ಅನ್ನುತ್ತಿದ್ದರು. ಅವರು ಶಾಲೆಗೆ ಹೋದವರಲ್ಲ.

ಕೋಡಿ ಬೆಂಗ್ರೆ ಮನೆ · ಭಾನುವಾರ ಬೆಳಿಗ್ಗೆ 11:20

ಎಲ್ಲರೂ ಗಟ್ಟಿ ವಸ್ತು ತೇಲುವುದನ್ನು ಹೇಳಿದಿರಿ. ನಮ್ಮ ಊರಿನಲ್ಲಿ ನೀರೇ ನೀರಿನ ಮೇಲೆ ತೇಲುತ್ತದೆ. ಅದರ ಮೇಲೆ ನಮ್ಮ ಬದುಕು ನಿಂತಿದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಕೋಡಿ ಬೆಂಗ್ರೆ ಅಂದರೆ ಒಂದು ಕಡೆ ಕಡಲು, ಇನ್ನೊಂದು ಕಡೆ ಸುವರ್ಣಾ, ಸೀತಾ ಹೊಳೆಗಳ ಹಿನ್ನೀರು, ನಡುವೆ ಉದ್ದಕ್ಕೆ ಮರಳಿನ ಪಟ್ಟಿ. ಎರಡೂ ಕಡೆ ಉಪ್ಪು. ಆದರೂ ನಮ್ಮ ಬಾವಿಯಲ್ಲಿ ಸಿಹಿನೀರು. ಸಣ್ಣವಳಿದ್ದಾಗ ಇದು ದೇವರ ಕೆಲಸ ಅಂತಲೇ ಅಂದುಕೊಂಡಿದ್ದೆ. ಮಂಗಳೂರಿನ ತಣ್ಣೀರುಬಾವಿಯೂ ಹೀಗೇ ಹೊಳೆಗೂ ಕಡಲಿಗೂ ನಡುವಿನ ಪಟ್ಟಿ, ಆ ಊರಿನ ಹೆಸರಿನಲ್ಲೇ ಬಾವಿ ಉಂಟು.

ಆಗುವುದು ಇಷ್ಟು. ಮಳೆನೀರು ಮರಳಿನಲ್ಲಿ ಇಳಿಯುತ್ತದೆ. ಕೆಳಗೆ ಮರಳಿನಲ್ಲಿ ಮೊದಲೇ ಕಡಲಿನ ನೀರು ಉಂಟು. ಸಿಹಿನೀರು ಹಗುರ, ಅದು ಉಪ್ಪುನೀರಿನ ಮೇಲೆ ಕೂರುತ್ತದೆ. ಮರಳಿನ ಸಂದಿಯಲ್ಲಿ ತೆರೆ ಇಲ್ಲ, ಕದಡುವವರು ಇಲ್ಲ, ಹಾಗಾಗಿ ಬೇಗ ಬೆರೆಯುವುದಿಲ್ಲ. ದೋಣಿ ಹೇಗೆ ಸ್ವಲ್ಪ ಮೇಲೆ, ಜಾಸ್ತಿ ಕೆಳಗೆ ಇರುತ್ತದೋ ಈ ಸಿಹಿನೀರೂ ಹಾಗೆ. ಎಷ್ಟು ಅಂದರೆ, ಒಂದು ಲೀಟರಿಗೆ 1,000 ಗ್ರಾಂ ಮತ್ತು 1,025 ಗ್ರಾಂ, ವ್ಯತ್ಯಾಸ 25. ಸಾವಿರವನ್ನು 25ರಿಂದ ಭಾಗಿಸಿದರೆ 40. ಕಡಲಿನ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಕೆಳಗೆ 40 ಅಡಿಯವರೆಗೆ ಸಿಹಿನೀರು ಇರುತ್ತದೆ.

ಈಗ ಇದನ್ನೇ ತಿರುಗಿಸಿ ನೋಡಿ. ಮೋಟಾರು ಹಾಕಿ ಆ ಮೇಲಿನ ಒಂದು ಅಡಿಯನ್ನು ಎಳೆದು ಮುಗಿಸಿದರೆ, ಕೆಳಗಿನಿಂದ ಉಪ್ಪುನೀರು 40 ಅಡಿ ಏರಲು ದಾರಿ ಮಾಡಿಕೊಟ್ಟ ಹಾಗೆ. ಒಂದೇ ದಿನಕ್ಕೆ ಏರುವುದಿಲ್ಲ, ಆದರೆ ಏರುತ್ತದೆ. ಹಿರಿಯರು ಇಲ್ಲಿ ಆಳದ ಬಾವಿ ತೋಡಲಿಲ್ಲ. ಅಗಲ ಮಾಡಿ, ನೀರು ಕಂಡ ಕೂಡಲೇ ನಿಲ್ಲಿಸಿದರು, ಕೊಡಪಾನದಲ್ಲಿ ಮೇಲಿನಿಂದ ಎತ್ತಿದರು. ನಮ್ಮ ಪಕ್ಕದ ಒಂದು ಜಾಗದಲ್ಲಿ ಜಾಸ್ತಿ ನೀರು ಸಿಗಲಿ ಅಂತ ಬಾವಿಯ ತಳಕ್ಕೆ ಪೈಪು ಇಳಿಸಿ ಮೋಟಾರು ಕೂರಿಸಿದರು. ಮೂರನೇ ಬೇಸಿಗೆಗೆ ಚಹಾ ಕುಡಿಯಲು ಆಗಲಿಲ್ಲ, ಹಾಲು ಒಡೆಯುತ್ತಿತ್ತು. ನಮ್ಮ ಬಾವಿಗೂ ಏಪ್ರಿಲ್ ಕೊನೆಗೆ ಸ್ವಲ್ಪ ಚೌಳು ಬಂತು. ಅಮ್ಮ ಅನ್ನದ ಗಂಜಿಗೆ ಉಪ್ಪು ಹಾಕುವುದು ನಿಲ್ಲಿಸಿದ್ದರು.

ಈ ಮಳೆಗೆ ಈಗ ಪುನಃ ಸಿಹಿಯಾಗಿದೆ. ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬಂದಿದೆ. ಆದರೆ ಏಳನೇ ತರಗತಿಯ ಪಾಠ ನಮ್ಮ ಪಂಚಾಯ್ತಿಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು ಅಂತ ನನಗೆ ತುಂಬಾ ಆಸೆ.

ಮಲ್ಪೆ ದಕ್ಕೆ · ಭಾನುವಾರ ಮಧ್ಯಾಹ್ನ 12:05

ಇದನ್ನು ಕಣ್ಣಿಂದ ನೋಡಬಹುದು ಅಕ್ಕ. ಮಳೆಗಾಲದಲ್ಲಿ ಹೊಳೆಯ ಕೆಂಪು ನೀರು ಅಳಿವೆಯಿಂದ ಹೊರಗೆ ಬಂದು ಕಡಲಿನ ಮೇಲೆ ಹಾಸಿಕೊಂಡಿರುತ್ತದೆ. ಅಂಚು ಗೆರೆ ಹಾಕಿದ ಹಾಗೆ. ನಾಡದೋಣಿಯಲ್ಲಿ ಆ ಕೆಂಪಿನ ಮೇಲೆ ಹೋಗುವಾಗ ಹುಟ್ಟು ಆಳಕ್ಕೆ ಹಾಕಿ ಎಳೆದರೆ ಕೆಳಗಿನ ಹಸಿರು ನೀರು ಮೇಲೆ ಬರುತ್ತದೆ.

ಬಿಕರ್ನಕಟ್ಟೆ ಹುಡುಗ · ಭಾನುವಾರ ಮಧ್ಯಾಹ್ನ 1:30

ನಾನೂ ಒಂದು ಪ್ರಯೋಗ ಮಾಡಿದೆ. ನೀರಿನ ಬಾಟಲಿಯ ಮುಚ್ಚಳ ಮತ್ತು ಬಾಟಲಿಯಿಂದಲೇ ಕತ್ತರಿಸಿದ ಒಂದು ತುಂಡು, ಎರಡನ್ನೂ ಬಕೆಟಿಗೆ ಹಾಕಿದೆ. ಮುಚ್ಚಳ ತೇಲಿತು. ತುಂಡಿನ ಮೇಲೆ ಅಂಟಿದ ಗುಳ್ಳೆ ಬೆರಳಿನಿಂದ ಒರೆಸಿದೆ, ಮುಳುಗಿತು. ಎರಡೂ ಪ್ಲಾಸ್ಟಿಕ್, ಆದ್ರೆ ಬೇರೆ ಬೇರೆ. ಬಾಟಲಿಯ ಪೆಟ್ ಪ್ಲಾಸ್ಟಿಕ್ 1.38, ಮುಚ್ಚಳದ್ದು 1ಕ್ಕಿಂತ ಕಮ್ಮಿ. ನಾವು ಗೆಳೆಯರು ಸೋಮೇಶ್ವರದಲ್ಲಿ ಕಡಲ ದಡ ಕ್ಲೀನ್ ಮಾಡಲು ಹೋದಾಗ ಮುಚ್ಚಳ ರಾಶಿ ರಾಶಿ ಸಿಗುತ್ತಿತ್ತು, ಬಾಟಲಿ ಸಿಕ್ಕಿದ್ರೂ ಮುಚ್ಚಳ ಹಾಕಿದ್ದೇ ಜಾಸ್ತಿ. ಮುಚ್ಚಳ ಇಲ್ಲದ ಬಾಟಲಿಗಳು ಎಲ್ಲಿ ಹೋದವು ಅಂತ ಈಗ ಗೊತ್ತಾಯಿತು. ಅಕ್ಕನ ಕೊಡಪಾನದ ಹಾಗೆ ನೀರು ತುಂಬಿ ತಳ ಸೇರಿವೆ.

ಬಾವಿಕಟ್ಟೆ (ಕುಲಶೇಖರ) · ಭಾನುವಾರ ಸಂಜೆ 7:15

ಎಲ್ಲರಿಗೂ ಮನಸ್ಸು ತುಂಬಿ ಧನ್ಯವಾದ. ಇವತ್ತು ಇಡೀ ದಿನ ನಮಗೆ ಇದೇ ಕೆಲಸ.

ಮೊದಲು ಬುಟ್ಟಿ ಇಳಿಸಿ ಬಾವಿಯಿಂದ ಕಾಯಿ ತೆಗೆದೆವು. ಅದರ ಸಿಪ್ಪೆಗೆ ನೀರು ಹಿಡಿದಿತ್ತು, ಹಾಗಾಗಿ ಅಟ್ಟದಲ್ಲಿದ್ದ ಇನ್ನೊಂದು ಒಣಕಾಯಿ ತೂಗಿದೆವು. 1 ಕಿಲೋ 200 ಗ್ರಾಂ. ದೊಡ್ಡ ಟಬ್ಬಿನೊಳಗೆ ಬಕೆಟ್ ಇಟ್ಟು, ಬಕೆಟಿನ ಅಂಚಿನವರೆಗೆ ನೀರು ತುಂಬಿಸಿ, ಕಾಯಿಯನ್ನು ಮೆಲ್ಲ ತೇಲಲು ಬಿಟ್ಟೆವು. ಟಬ್ಬಿಗೆ ಚೆಲ್ಲಿದ ನೀರನ್ನು ಲೀಟರ್ ಮಗ್ಗಿನಲ್ಲಿ ಅಳೆದರೆ ಒಂದು ಲೀಟರ್ ಮತ್ತು ಮುಕ್ಕಾಲು ಲೋಟ. ಲೋಟ 200 ಮಿಲಿ. ಮಗಳು ಸುಮ್ಮನೆ ಕೂತು ಬೆರಳಲ್ಲಿ ಲೆಕ್ಕ ಮಾಡಿದಳು, 1,150. ಸ್ವಲ್ಪ ನೀರು ಬಕೆಟಿನ ಮೈಗೆ ಅಂಟಿರಬೇಕು ಅಂದಳು. ಆಮೇಲೆ ಬಕೆಟ್ ಪುನಃ ತುಂಬಿಸಿ ಕಾಯಿಯನ್ನು ಕೈಯಿಂದ ಒತ್ತಿ ಪೂರ್ತಿ ಮುಳುಗಿಸಿದಳು. ಎರಡು ಕೈ ಬೇಕಾಯಿತು. ಮಾಷ್ಟ್ರೆ, ನೀವು ಬರೆದದ್ದನ್ನು ಅವಳಿಗೆ ಓದಿ ಹೇಳಿದ್ದೆ, ಆದರೆ ನೀರು ಕೈಯನ್ನು ಮೇಲಕ್ಕೆ ದೂಡುವಾಗ ಅವಳ ಮುಖ ನೋಡಬೇಕಿತ್ತು. ಚೆಲ್ಲಿದ್ದು ಮೂರು ಲೀಟರ್ ಎರಡು ಲೋಟ. 1.2ನ್ನು 3.4ರಿಂದ ಭಾಗಿಸಿ 0.35 ಅಂತ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾಳೆ. ಎರಡು ಕಾಯಿ ನಾಲ್ಕು ಕಿಲೋಕ್ಕಿಂತ ಜಾಸ್ತಿ ಎತ್ತುತ್ತದೆ, ಕಾರ್ಕಳದ ಅಣ್ಣ ಹೇಳಿದ್ದು ಸರಿ ಅಂತ ತಾನೇ ಕಂಡುಹಿಡಿದಳು.

ಸಂಜೆ ಪಕ್ಕದ ಮನೆಯ ಅಜ್ಜಿಯ ಹತ್ತಿರ ಪಾತಾಳಗರಡಿ, ಅಂದರೆ ಬಾವಿಗೆ ಬಿದ್ದದ್ದನ್ನು ಎತ್ತುವ ಕೊಕ್ಕೆಗಳ ಗೊಂಚಲು, ಇಸಕೊಂಡು ಬಂದೆ. ತುಂಬಾ ವರ್ಷದಿಂದ ಕೊಟ್ಟಿಗೆಯಲ್ಲಿ ನೇತಾಡುತ್ತಿತ್ತು, ಕೊಕ್ಕೆಗೆಲ್ಲ ತುಕ್ಕು. ರಾಟೆಗೆ ಹಗ್ಗ ಹಾಕಿ ಇಳಿಸಿ ತಳದಲ್ಲಿ ಮೆಲ್ಲ ಸುತ್ತು ತಿರುಗಿಸಿದೆವು. ನಾಲ್ಕನೇ ಸಲಕ್ಕೆ ಏನೋ ಸಿಕ್ಕಿದ ಹಾಗಾಯಿತು. ಹಗ್ಗವನ್ನು ಮಗಳ ಕೈಗೆ ಕೊಟ್ಟೆ, ನಾನು ಹಿಂದಿನಿಂದ ಹಿಡಿದೆ.

"ಖಾಲಿ ಉಂಟಮ್ಮ, ಕೊಡಪಾನ ಸಿಕ್ಕಿಲ್ಲ, ಭಾರವೇ ಇಲ್ಲ" ಅಂದಳು. ಎಳೆ, ಎಳೆ ಅಂದೆ. ನೀರೊಳಗೆ ಬೆಳ್ಳಗೆ ಕಾಣಿಸಿತು. ಬಾಯಿ ಮೇಲೆಯೇ ಇತ್ತು, ತುಂಬಿ ಬಂದಿತ್ತು. ಅಂಚು ನೀರಿನಿಂದ ಹೊರಗೆ ಬಂತು. ಕುತ್ತಿಗೆ ಬಂತು. ಹೊಟ್ಟೆ ಹೊರಗೆ ಬರುತ್ತಾ ಬರುತ್ತಾ ಹಗ್ಗ ಅವಳ ಕೈಯಲ್ಲಿ ಬಿಗಿಯಾಗುತ್ತಾ ಹೋಯಿತು, ರಾಟೆ ಕಿರ್ ಅಂದಿತು. "ಅಮ್ಮಾ ಹಿಡಿ, ಈಗ ಭಾರ ಆಯ್ತು" ಅಂತ ಕೂಗಿದಳು.

ಇಬ್ಬರೂ ಸೇರಿ ಕಟ್ಟೆಗೆ ಎಳೆದುಕೊಂಡೆವು. ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಕೊಡಪಾನವನ್ನು ಹಗ್ಗಕ್ಕೆ ಸರಿಯಾಗಿ ಬಿಗಿದು ಕಟ್ಟಿಸಿಕೊಂಡು, ಪುನಃ ನೀರಿಗೆ ಇಳಿಸಿ, ಪುನಃ ಎಳೆದು, ಎಲ್ಲಿ ಭಾರ ಶುರುವಾಗುತ್ತದೆ ಅಂತ ಐದಾರು ಸಲ ನೋಡಿದಳು. ಕತ್ತಲಾಗುವವರೆಗೆ.